ಹೊಣೆ ಯಾರದು, ತಪ್ಪು ಯಾರದು?

“ಬೆಳಿಗ್ಗೆ ಕರಕೊಂಡು ಬನ್ನಿ, ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು” ಎಂದು ಮೂಳೆ ಡಾಕ್ಟರು ಹೇಳಿದ್ದರು. ಹೇಳಿದಂತೆಯೇ ಆಯಿತು. 2023ರ ಏಪ್ರಿಲ್‌ನಲ್ಲಿ, ರಂಜಾನ್ ಹಬ್ಬ ಮುಗಿದ ಮೊದಲ ಮಂಗಳವಾರ, ನಮ್ಮ ಕಡೆಯ ಒಂದು ದೊಡ್ಡಾಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಅಂಟಿಕೊಂಡಿರುವ ಚಿಕ್ಕ ಆಪರೇಷನ್ ಕೋಣೆಯೊಳಗೆ ಎರಡೂವರೆ ತಿಂಗಳ ಕೂಸೊಂದನ್ನು ಎತ್ತಿಕೊಂಡು ಹೋದರು. ಗಡಿಯಾರದ ದೊಡ್ಡ ಮುಳ್ಳು ಅರ್ಧ ಸುತ್ತು ಬರುವುದರೊಳಗೆ ಹೊರಗೆ ತಂದು ತಾಯಿಯ ಮಡಿಲಿಗೆ ಹಾಕಿದರು. ತೊಡೆಯಿಂದ ಕಾಲ್ಬೆರಳ ತನಕ ಹೊಸ ಪ್ಲಾಸ್ಟರು, ಹಿಮ್ಮಡಿಯ ಹತ್ತಿರ ಒಂದು ರೂಪಾಯಿ ನಾಣ್ಯದಷ್ಟಗಲದ ರಕ್ತದ ಕಲೆ. ಒಳಗೆ ಬ್ಲೇಡು ಆಡಿದ್ದು ಒಂದೆರಡು ನಿಮಿಷವೂ ಇರಲಿಕ್ಕಿಲ್ಲ. ಹೊಲಿಗೆಯೂ ಇಲ್ಲ.

ಕೂಸು ನಮ್ಮ ತಂಗಿಯ ಮಗಳದು, ಚೊಚ್ಚಲು. ಒಳಗೆ ಕರೆದೊಯ್ಯುವ ಮುಂಚೆ ಒಪ್ಪಿಗೆ ಪತ್ರಕ್ಕೆ ಸಹಿ ಬೇಕಾಯಿತು. ಕಾಗದ ಹಿಡಿದು ಬಂದವರು ಮಗುವನ್ನೆತ್ತಿಕೊಂಡು ನಿಂತಿದ್ದ ತಾಯಿಯನ್ನು ದಾಟಿ ನಮ್ಮ ಕಡೆ ನೋಡಿ, “ಗಂಡಸರು ನೀವೇನಾ? ಇಲ್ಲೊಂದು ಸೈನ್ ಹಾಕಿ” ಎಂದರು. ಮಗುವಿನ ತಂದೆ ಮಂಡಕ್ಕಿ ಭಟ್ಟಿಯ ಕೆಲಸಕ್ಕೆ ಹೋಗಿದ್ದ. ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾದವಳು, ಕನ್ನಡವನ್ನು ನಮಗಿಂತ ದುಂಡಗೆ ಬರೆಯುತ್ತಾಳೆ. ತಾಯಿಯ ಸಹಿ ಇರಬೇಕಾದ ಜಾಗ ಅದು. ಆದರೂ ನಾವು ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದೆವು. ಅವಳು ಏನೂ ಹೇಳಲಿಲ್ಲ, ನಮಗೂ ಆಗ ಏನೂ ಅನ್ನಿಸಲಿಲ್ಲ. ಆ ಸಹಿ ಕಾಡತೊಡಗಿದ್ದು ಒಂದು ವರ್ಷದ ನಂತರ. ಈ ಬರಹಕ್ಕೂ ಅದೇ ಕಾರಣ.

ಜನರು ಸೊಟ್ಟಗಾಲು ಎನ್ನುವ, ವೈದ್ಯರು ಕ್ಲಬ್ ಫುಟ್ ಎನ್ನುವ ಈ ಊನ ಸುಮಾರಾಗಿ ಸಾವಿರ ಹೆರಿಗೆಗೆ ಒಂದರಂತೆ ಕಾಣಿಸುತ್ತದೆ. ಗಂಡುಮಕ್ಕಳಲ್ಲಿ ಹೆಚ್ಚು. ಪಾದ ಒಳಕ್ಕೆ ತಿರುಚಿಕೊಂಡು, ಹಿಮ್ಮಡಿ ಮೇಲಕ್ಕೆ ಎಳೆದುಕೊಂಡಿರುತ್ತದೆ. ಹಾಗೆಯೇ ಬಿಟ್ಟರೆ ಮಗು ಪಾದದ ಹೊರ ಅಂಚನ್ನೋ ಮೇಲ್ಭಾಗವನ್ನೋ ನೆಲಕ್ಕೂರಿ ನಡೆಯಬೇಕಾಗುತ್ತದೆ. ನಾವು ಚಿಕ್ಕವರಿದ್ದಾಗ ನಮ್ಮ ಮೊಹಲ್ಲಾದಲ್ಲಿ ಹಾಗೆ ನಡೆಯುವ ಒಬ್ಬ ದರ್ಜಿ ಇದ್ದರು. ಅವರ ಹೊಲಿಗೆ ಮೆಷಿನ್ನಿನ ಪೆಡಲನ್ನು ಒಂದೇ ಕಾಲು ತುಳಿಯುತ್ತಿತ್ತು. ಅವರ ನಿಜ ಹೆಸರು ನಮಗೆ ಗೊತ್ತಾದದ್ದು ಅವರ ಜನಾಜಾದ ದಿನ. ಅಲ್ಲಿಯವರೆಗೆ ಕಾಲಿನ ಹೆಸರೇ ಅವರ ಹೆಸರಾಗಿತ್ತು.

ಇಂದು ಹಾಗಾಗಬೇಕಿಲ್ಲ. ಅದಕ್ಕೆ ಕಾರಣರಾದ ಇಗ್ನಾಸಿಯೊ ಪೊನ್ಸೆಟಿ 1914ರಲ್ಲಿ ಸ್ಪೇನಿನ ಮಿನೋರ್ಕಾ ದ್ವೀಪದಲ್ಲಿ, ಗಡಿಯಾರ ರಿಪೇರಿ ಮಾಡುವವರೊಬ್ಬರ ಮಗನಾಗಿ ಹುಟ್ಟಿದವರು. ಅಂತರ್ಯುದ್ಧದಲ್ಲಿ ಸೋತವರ ಕಡೆಯ ವೈದ್ಯರಾಗಿದ್ದು, ದೇಶ ಬಿಟ್ಟು ಫ್ರಾನ್ಸ್, ಮೆಕ್ಸಿಕೋ ದಾಟಿ 1941ರಲ್ಲಿ ಅಮೆರಿಕದ ಅಯೋವಾ ಸೇರಿದರು. ಆ ಕಾಲದಲ್ಲಿ ಸೊಟ್ಟಗಾಲಿಗೆ ಪಾದವನ್ನು ಅಗಲವಾಗಿ ಕುಯ್ದು ಕೀಲುಗಳನ್ನು ಬಿಡಿಸುವ ಆಪರೇಷನ್ ನಡೆಯುತ್ತಿತ್ತು. ಹಾಗೆ ಮಾಡಿಸಿಕೊಂಡವರ ಪಾದಗಳು ದೊಡ್ಡವರಾದ ಮೇಲೆ ಗಡಸಾಗಿ ನೋಯುವುದನ್ನು ಪೊನ್ಸೆಟಿ ಗಮನಿಸಿದರು. ಕೂಸಿನ ಪಾದದ ಎಲುಬುಗಳು ಇನ್ನೂ ಮೆದುವಾಗಿರುತ್ತವೆ, ಕೈಯಿಂದಲೇ ಮೆಲ್ಲಗೆ ತಿರುಗಿಸಿ ಪ್ಲಾಸ್ಟರು ಹಾಕುತ್ತ ಬಂದರೆ ವಾರ ವಾರಕ್ಕೂ ಪಾದ ಹೊರಮುಖವಾಗುತ್ತದೆ ಎಂದು ಕಂಡುಕೊಂಡರು. ಐದಾರು ಪ್ಲಾಸ್ಟರು ಸಾಕು. ಬಹುಪಾಲು ಮಕ್ಕಳಲ್ಲಿ ಕೊನೆಗೆ ಉಳಿಯುವುದು ಹಿಮ್ಮಡಿಯ ಮೇಲಿನ ಬಿಗಿ ಸ್ನಾಯುರಜ್ಜು, ಜನರ ಬಾಯಲ್ಲಿ ನರ. ಅಲ್ಲಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸಣ್ಣ ಬ್ಲೇಡಿನಿಂದ ಅದನ್ನು ಕತ್ತರಿಸಿದರೆ ಹಿಮ್ಮಡಿ ತಟ್ಟನೆ ಕೆಳಗಿಳಿಯುತ್ತದೆ. ಮತ್ತೆ ಮೂರು ವಾರ ಪ್ಲಾಸ್ಟರು. ಅಷ್ಟರಲ್ಲಿ ಕತ್ತರಿಸಿದ್ದು ಬೇಕಾದಷ್ಟು ಉದ್ದಕ್ಕೆ ತಾನೇ ಕೂಡಿಕೊಂಡಿರುತ್ತದೆ.

ಪೊನ್ಸೆಟಿ ಇದನ್ನು 1963ರಲ್ಲೇ ಪ್ರಕಟಿಸಿದರು. ಮೂವತ್ತು ವರ್ಷ ಹೆಚ್ಚಿನವರು ಕಿವಿಗೊಡಲಿಲ್ಲ. 1990ರ ದಶಕದ ಕೊನೆಯಲ್ಲಿ ಇಂಥ ಮಕ್ಕಳ ತಂದೆತಾಯಿಗಳು ಇಂಟರ್ನೆಟ್ಟಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳತೊಡಗಿದ ಮೇಲೆ ವಿಷಯ ಹರಡಿತು. ಡಾಕ್ಟರರು ಡಾಕ್ಟರರಿಗೆ ಹೇಳಿದ್ದಕ್ಕಿಂತ ತಾಯಂದಿರು ಡಾಕ್ಟರರಿಗೆ ಹೇಳಿದ್ದು ಹೆಚ್ಚು ಫಲ ಕೊಟ್ಟಿತೆನ್ನಬಹುದು. 2009ರಲ್ಲಿ 95ರ ಪ್ರಾಯದಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅವರ ಪದ್ಧತಿ ಜಗತ್ತಿನ ಎಷ್ಟೋ ಸಾಮಾನ್ಯ ಆಸ್ಪತ್ರೆಗಳ ಹೊರರೋಗಿ ವಿಭಾಗ ತಲುಪಿತ್ತು. ನಮ್ಮಲ್ಲಿ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೊಟ್ಟಗಾಲೂ ಇದೆ. ನಮ್ಮ ಹುಡುಗಿಯ ಹೆರಿಗೆ ಅದೇ ಆಸ್ಪತ್ರೆಯಲ್ಲಿ ಆಗಿದ್ದರಿಂದ ಎರಡನೆಯ ವಾರಕ್ಕೇ ಮೊದಲ ಪ್ಲಾಸ್ಟರು ಬಿತ್ತು. ಒಂದು ಪೈಸೆ ಖರ್ಚಾಗಲಿಲ್ಲ. ಇಷ್ಟು ಒಳ್ಳೆಯ ಕೆಲಸದ ಬಗ್ಗೆ ದೂರುವುದಕ್ಕೆ ನಾಲಗೆ ಏಳುವುದಿಲ್ಲ. ನಾವು ದೂರುತ್ತಲೂ ಇಲ್ಲ, ಒಂದು ಪ್ರಶ್ನೆ ಕೇಳುತ್ತಿದ್ದೇವೆ ಅಷ್ಟೆ.

ಅಂದು ಮಧ್ಯಾಹ್ನ ಮನೆಗೆ ಕಳಿಸುವಾಗ ಸಿಸ್ಟರು ಒಂದೇ ಉಸಿರಿಗೆ ಹೇಳಿದ್ದಿದು: ಬೆರಳುಗಳ ಬಣ್ಣ ನೋಡುತ್ತಿರಬೇಕು, ನೀಲಿಯಾದರೆ ತಕ್ಷಣ ಬರಬೇಕು, ಪ್ಲಾಸ್ಟರು ಒದ್ದೆಯಾಗಬಾರದು, ಮೂತ್ರ ಹರಿಯದಂತೆ ಬಟ್ಟೆ ಕಟ್ಟಬೇಕು, ನೋವಿಗೆ ಡ್ರಾಪ್ಸ್, ರಕ್ತದ ಕಲೆ ದೊಡ್ಡದಾದರೆ ಸುತ್ತ ಪೆನ್ನಿನಿಂದ ಗೆರೆ ಹಾಕಿ ಟೈಮು ಬರೆದಿಡಬೇಕು. ವಾರ್ಡಿನಲ್ಲಿ ಮಲಗಿಸಿದ್ದರೆ ಇಷ್ಟನ್ನು ಮೂರು ಪಾಳಿಯ ಸಿಸ್ಟರುಗಳು, ಒಬ್ಬ ಆಯಾ, ರೌಂಡಿಗೆ ಬರುವ ಡಾಕ್ಟರು ಸೇರಿ ಮಾಡುತ್ತಿದ್ದರು. ಮನೆಯಲ್ಲಿ ಅದೆಲ್ಲವೂ ಇಪ್ಪತ್ತೊಂದು ವರ್ಷದ ಒಬ್ಬಳ ಪಾಲಿಗೆ ಬಂತು. ಆಸ್ಪತ್ರೆಯಲ್ಲಿ ಒಂದು ಹಾಸಿಗೆ ಉಳಿಯಿತು, ಸರಿಯೇ. ಆದರೆ ಹಾಸಿಗೆಯ ಸುತ್ತ ನಡೆಯಬೇಕಿದ್ದ ಕೆಲಸ ಎಲ್ಲಿಗೆ ಹೋಯಿತು? ಅದನ್ನು ಹೊತ್ತವರಿಗೆ ಏನು ಸಂದಿತು?

ಬಂದ ದಿನವೇ ಕಳಿಸುವ ಶಸ್ತ್ರಚಿಕಿತ್ಸೆ ಹೊಸದಲ್ಲ. ಗ್ಲಾಸ್ಗೋ ನಗರದಲ್ಲಿ ಜೇಮ್ಸ್ ನಿಕೋಲ್ ಎಂಬ ಶಸ್ತ್ರವೈದ್ಯರು ಬಡವರ ಮಕ್ಕಳ ಆಸ್ಪತ್ರೆಗೆ ಸೇರಿದ ಒಂದು ಚಿಕಿತ್ಸಾಲಯದಲ್ಲಿ ಹತ್ತು ವರ್ಷಗಳಲ್ಲಿ ಸುಮಾರು 9,000 ಆಪರೇಷನ್‌ಗಳನ್ನು ಹೀಗೆಯೇ ಮಾಡಿ, 1909ರಲ್ಲಿ ಅದರ ವಿವರ ಪ್ರಕಟಿಸಿದರು. ಸೊಟ್ಟಗಾಲಿನ ಮಕ್ಕಳೂ ಅದರಲ್ಲಿದ್ದರು. ಮೊಲೆಯುಣ್ಣುವ ಕೂಸನ್ನು ತಾಯಿಯಿಂದ ಬೇರ್ಪಡಿಸಿ ವಾರ್ಡಿನಲ್ಲಿಡುವುದರಿಂದ ಕೇಡೇ ಹೆಚ್ಚು, ತಾಯಿಯ ಮಡಿಲಲ್ಲಿ ಅದು ಬೇಗ ಗುಣವಾಗುತ್ತದೆ ಎಂಬುದು ಅವರ ವಾದ. ಅದು ನಿಜವೆಂದು ಯಾವ ಅಜ್ಜಿಯೂ ಒಪ್ಪುತ್ತಾಳೆ. ಆದರೆ ನಿಕೋಲ್ ಇನ್ನೊಂದು ಏರ್ಪಾಡು ಮಾಡಿದ್ದರು. ಆಪರೇಷನ್ ಆದ ಮಕ್ಕಳ ಮನೆಗಳಿಗೆ ಚಿಕಿತ್ಸಾಲಯದ ದಾದಿಯರು ಹೋಗಿ ನೋಡಿಕೊಂಡು ಬರುತ್ತಿದ್ದರು. ಮನೆಯ ಸ್ಥಿತಿ ಸರಿಯಿಲ್ಲದೆ ಈ ಪದ್ಧತಿ ನಡೆಯದು ಎಂಬುದೂ ಅವರಿಗೆ ಗೊತ್ತಿತ್ತು. ನೂರಕ್ಕೂ ಹೆಚ್ಚು ವರ್ಷ ಕಳೆದು ಆ ಪದ್ಧತಿ ನಮ್ಮೂರಿಗೆ ಬಂದಾಗ ತಾಯಿ ಬಂದಳು, ದಾದಿ ಬರಲಿಲ್ಲ. ಓಣಿಯ ಆಶಾ ಕಾರ್ಯಕರ್ತೆ ಬರುತ್ತಿದ್ದರು, ಪಾಪ, ಮಗುವಿನ ತೂಕ, ಚುಚ್ಚುಮದ್ದು ವಿಚಾರಿಸುತ್ತಿದ್ದರು. ಕಾಲಿನ ವಿಷಯ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೂರು ವಾರದ ಪ್ಲಾಸ್ಟರು ತೆಗೆದ ದಿನ ಪಾದ ನೋಡಿ ಮನೆಯಲ್ಲಿ ಪಾಯಸ ಮಾಡಿದರು. ಇನ್ನೊಂದು ಪಾದದಷ್ಟೇ ನೆಟ್ಟಗಿತ್ತು. ನಿಜವಾದ ಚಿಕಿತ್ಸೆ ಶುರುವಾದದ್ದು ಅಂದಿನಿಂದ.

ಕಬ್ಬಿಣದ ಪಟ್ಟಿಯೊಂದರ ಎರಡು ತುದಿಗೆ ಎರಡು ಪುಟ್ಟ ಬೂಟುಗಳನ್ನು ಹೊರಮುಖವಾಗಿ ಕೂರಿಸಿರುತ್ತಾರೆ. ಊನ ಒಂದೇ ಕಾಲಿನದಾದರೂ ಎರಡೂ ಕಾಲನ್ನು ಅದರಲ್ಲಿ ಕಟ್ಟಬೇಕು. ನಮಗೆ ಸಿಕ್ಕಿದ್ದು ಸ್ಟೀನ್‌ಬೀಕ್ ಎಂಬವರು ಉಗಾಂಡಾದಲ್ಲಿ ರೂಪಿಸಿದ ಮಾದರಿ. ಚರ್ಮ, ಕಬ್ಬಿಣ, ಲೇಸು ಇದ್ದರೆ ಯಾವ ಊರಿನಲ್ಲಾದರೂ ಮಾಡಬಹುದಾದಷ್ಟು ಸರಳ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ ಹಾಕಿರಬೇಕು. ಆಮೇಲೆ ನಾಲ್ಕು ವರ್ಷ ತುಂಬುವ ತನಕ ರಾತ್ರಿ ನಿದ್ದೆಯಲ್ಲಿ, ಹಗಲು ನಿದ್ದೆಯಲ್ಲಿ. ಬಿಟ್ಟರೆ ಪಾದ ಹಳೆಯ ದಾರಿ ಹಿಡಿಯುತ್ತದೆ. ಲೆಕ್ಕ ನೋಡಿ: ಡಾಕ್ಟರರ ಬ್ಲೇಡಿಗೆ ಎರಡು ನಿಮಿಷ, ತಾಯಿಯ ಬೂಟಿಗೆ ನಾಲ್ಕು ವರ್ಷ. ಆದರೂ ಆಪರೇಷನ್ ಮಾಡಿದವರು ಯಾರು ಎಂದು ಜನ ಕೇಳುತ್ತಾರೆ, ಬೂಟು ಕಟ್ಟಿದವರು ಯಾರು ಎಂದು ಕೇಳುವವರಿಲ್ಲ. ಕಟ್ಟದೆ ಬಿಟ್ಟಾಗ ಮಾತ್ರ ಕೇಳುತ್ತಾರೆ.

ಹುಡುಗಿ ಬೀಡಿ ಕಟ್ಟುವವಳು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಎಲೆ ಕತ್ತರಿಸಿ, ಸೊಪ್ಪು ತುಂಬಿ, ನೂಲು ಸುತ್ತುವುದು. ಮೊದಲಾದರೆ ಮೊರದ ಪಕ್ಕ ತೊಡೆಯಲ್ಲೇ ಕೂಸನ್ನು ಒರಗಿಸಿಕೊಳ್ಳಬಹುದಿತ್ತು. ಕಬ್ಬಿಣದ ಪಟ್ಟಿ ಬಂದ ಮೇಲೆ ಮೊರ ಇಲ್ಲವೆ ಮಗು, ಎರಡರಲ್ಲಿ ಒಂದು. ರಾತ್ರಿ ಮಗು ಕಾಲೊದೆದರೆ ಪಟ್ಟಿ ಪಕ್ಕದಲ್ಲಿ ಮಲಗಿದವರ ಮೊಣಕಾಲಿಗೆ ಬಡಿಯುತ್ತದೆ. ಒಂದೇ ಕೋಣೆಯ ಮನೆ, ನಸುಕಿನಲ್ಲೇ ಭಟ್ಟಿಯ ಬೆಂಕಿಗೆ ಹೋಗಬೇಕಾದ ಗಂಡ, ಗೋಡೆಯಾಚೆಯ ನೆರೆಯವರು. ಮಗು ಅತ್ತರೆ ಎಲ್ಲರೂ ಹೇಳುವುದು ಒಂದೇ ಮಾತು: “ಒಂದು ರಾತ್ರಿ ತೆಗೆದುಬಿಡು, ಏನಾಗ್ತದೆ?”

ಇದರ ಜೊತೆಗೆ ಗ್ರಹಣದ ಮಾತು ಬೇರೆ. 2022ರ ದೀಪಾವಳಿ ಅಮಾವಾಸ್ಯೆಯ ಸಂಜೆ, ಅಕ್ಟೋಬರ್ 25ರಂದು, ಸೂರ್ಯ ಮುಳುಗುವ ಹೊತ್ತಿಗೆ ಗ್ರಹಣ ಹಿಡಿದಿತ್ತು. ಆಗ ಅವಳು ಬಸುರಿ. ಆ ಸಂಜೆ ಅವಳು ಬೀಡಿ ಎಲೆ ಕತ್ತರಿಸುತ್ತ ಕೂತಿದ್ದುದನ್ನು ಅತ್ತೆ ನೋಡಿದ್ದರಂತೆ. ಗ್ರಹಣದಲ್ಲಿ ಬಸುರಿ ಕತ್ತರಿ ಹಿಡಿದರೆ ಕೂಸಿನ ಕೈಕಾಲು ಊನವಾಗುತ್ತದೆ ಎಂಬ ನಂಬಿಕೆಗೆ ಜಾತಿ ಧರ್ಮಗಳ ಭೇದವಿಲ್ಲ. ನಮ್ಮ ಓಣಿಯಲ್ಲಿ ಎಲ್ಲರೂ ಸೌಹಾರ್ದದಿಂದ ಹಂಚಿಕೊಂಡಿರುವ ಸಂಗತಿಗಳಲ್ಲಿ ಇದೂ ಒಂದು! ಕೂಸು ಹುಟ್ಟಿದ ದಿನದಿಂದ ಕತ್ತರಿಯ ಮಾತು ಅವಳ ಬೆನ್ನು ಹತ್ತಿತು. ಸೊಟ್ಟಗಾಲು ಯಾಕಾಗುತ್ತದೆಂದು ವಿಜ್ಞಾನಕ್ಕೆ ಇನ್ನೂ ಪೂರ್ತಿ ತಿಳಿದಿಲ್ಲ. ವಂಶವಾಹಿಗಳ ಪಾತ್ರವಿದೆ ಎನ್ನುತ್ತಾರೆ. ಕತ್ತರಿಯ ಪಾತ್ರವಿಲ್ಲ ಎಂಬುದಂತೂ ಖಂಡಿತ.

ನಾವು ಓದಿದವರಲ್ಲವೆ, ಬೀಗಿತ್ತಿಗೆ ತಿಳಿಹೇಳಲು ಹೋದೆವು. 632ರಲ್ಲಿ ಪ್ರವಾದಿಯವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗಾಗಿ ಸೂರ್ಯ ಕಪ್ಪಾದನೆಂದು ಮದೀನದ ಜನ ಆಡಿಕೊಂಡಾಗ, ದುಃಖದಲ್ಲಿದ್ದ ಆ ತಂದೆ ಅದನ್ನು ತಳ್ಳಿಹಾಕಿದರು. ಯಾರದೇ ಹುಟ್ಟಿಗಾಗಲಿ ಸಾವಿಗಾಗಲಿ ಗ್ರಹಣ ಹಿಡಿಯುವುದಿಲ್ಲವೆಂದು ಜನರಿಗೆ ತಿಳಿಸಿದರು. ಹದೀಸ್‌ಗಳಲ್ಲಿ ಬರುವ ಈ ಪ್ರಸಂಗವನ್ನು ಬೀಗಿತ್ತಿ ಸೆರಗು ತಲೆಗೆ ಎಳೆದುಕೊಂಡು ಭಕ್ತಿಯಿಂದ ಕೇಳಿದರು. ಆಮೇಲೆ, “ಅದೆಲ್ಲ ಸರಿ ಭಾಯಿಜಾನ್, ಆದ್ರೂ ಇವಳು ಕತ್ತರಿ ಯಾಕೆ ಹಿಡೀಬೇಕಿತ್ತು?” ಎಂದರು.

ಮನೆಗೆ ಬಂದು ಇದನ್ನು ಹೇಳಿಕೊಂಡು ನಕ್ಕೆವು. ನಕ್ಕಿದ್ದು ನೆನಪಾದರೆ ಈಗ ನಾಚಿಕೆಯಾಗುತ್ತದೆ.

2024ರ ಜುಲೈನಲ್ಲಿ, ಮಗು ಓಡಾಡುತ್ತಿದ್ದ ಕಾಲ, ಹಿಮ್ಮಡಿ ನೆಲಕ್ಕೆ ಊರುತ್ತಿಲ್ಲವೆಂದು ನಮ್ಮ ತಂಗಿಯ ಕಣ್ಣಿಗೆ ಬಿತ್ತು. ಮಂಗಳವಾರ ಮತ್ತೆ ಅದೇ ಸಾಲು, ಅದೇ ಬೆಂಚು. ಡಾಕ್ಟರು ಪಾದ ಹಿಡಿದು ತಿರುಗಿಸಿ ನೋಡಿದರು.

“ಬೂಟು ಹಾಕ್ತಿದ್ದೀಯೇನಮ್ಮಾ?”

“ಹಾಕ್ತೀನಿ ಸರ್.”

“ದಿನಾ?”

“ದಿನಾ ಸರ್.”

“ಸುಳ್ಳು ಹೇಳಬೇಡ. ಹಾಕಿದ್ರೆ ಹೀಗಾಗ್ತಿರಲಿಲ್ಲ. ಮಗು ಕುಂಟಿದ್ರೆ ನೀನೇ ಕಾರಣ, ತಿಳ್ಕೋ.”

ಕೇಸ್ ಪೇಪರಿನ ಮೇಲೆ ಎರಡು ಇಂಗ್ಲಿಷ್ ಪದ ಬರೆದರು: ನಾನ್ ಕಂಪ್ಲಯನ್ಸ್. ಹೇಳಿದಂತೆ ಕೇಳಲಿಲ್ಲ ಎಂದರ್ಥ. ಹೊರಗೆ ಕಾರಿಡಾರಿಗೆ ಬಂದ ಮೇಲೆ ನಾವು ಏನು ಮಾಡಬೇಕಿತ್ತು? ಬೆನ್ನು ಸವರಬೇಕಿತ್ತು. ಅದರ ಬದಲು, “ಎಸ್ಸೆಸ್ಸೆಲ್ಸಿ ಓದಿದವಳು, ಒಂದು ಬೂಟು ಕಟ್ಟೋಕೆ ಆಗಲಿಲ್ವಾ ನಿನಗೆ?” ಎಂದೆವು. ನಾಲ್ಕು ಜನರೆದುರಿಗೆ. ಅವಳು ಮಗುವನ್ನು ಭುಜ ಬದಲಿಸಿಕೊಂಡು ಮುಂದೆ ನಡೆದಳು. ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಕೂತವಳು ಊರು ಬರುವ ತನಕ ಹಿಂದೆ ತಿರುಗಲಿಲ್ಲ.

ಆ ರಾತ್ರಿ ನಮಗೆ ನೆನಪಾದದ್ದು ಸಹಿ. ಅದೇ ಕೇಸ್ ಪೇಪರಿನ ಕಟ್ಟಿನ ಮೊದಲ ಹಾಳೆಯಲ್ಲಿ ನಮ್ಮ ಸಹಿಯಿದೆ, ಕೊನೆಯ ಹಾಳೆಯಲ್ಲಿ ಅವಳ ತಪ್ಪಿದೆ. ಒಪ್ಪಿಗೆ ಕೊಟ್ಟು ಹೊಣೆ ಹೊತ್ತವರು ನಾವು, ಕಾಗದದ ಮೇಲೆ. ಆ ಒಂದೂಕಾಲು ವರ್ಷದಲ್ಲಿ ನಾವು ಒಂದು ರಾತ್ರಿಯೂ ಆ ಬೂಟು ಕಟ್ಟಿರಲಿಲ್ಲ, ಕಟ್ಟುವುದು ಹೇಗೆಂದು ಗೊತ್ತೂ ಇರಲಿಲ್ಲ. ಆದರೂ ಡಾಕ್ಟರು ನಮ್ಮನ್ನು ಬೈಯಲಿಲ್ಲ. ಮಗುವಿನ ತಂದೆಯನ್ನೂ ಬೈಯಲಿಲ್ಲ. ಬೀಗಿತ್ತಿ ಕತ್ತರಿ ತೋರಿಸಿದ್ದರು, ಡಾಕ್ಟರು ಬೂಟು ತೋರಿಸಿದರು, ನಾವು ಎಸ್ಸೆಸ್ಸೆಲ್ಸಿ ತೋರಿಸಿದೆವು. ತೋರುಬೆರಳುಗಳು ಬೇರೆ ಬೇರೆ ಇರಬಹುದು, ತೋರಿದ ದಿಕ್ಕು ಒಂದೇ.

ನಮ್ಮ ಉರ್ದು ಮನೆಮಾತಿನಲ್ಲಿ ಎರಡು ಪದಗಳಿವೆ, ಜಿಮ್ಮಾ ಮತ್ತು ಕುಸೂರ್. ಜಿಮ್ಮಾ ಎಂದರೆ ಹೊಣೆ. ಕುಸೂರ್ ಎಂಬುದನ್ನು ನಾವು ತಪ್ಪು, ಅಪರಾಧ ಎಂಬರ್ಥದಲ್ಲಿ ಬಳಸುತ್ತೇವೆ. ಆದರೆ ಅರಬಿಯ ಮೂಲದಲ್ಲಿ ಅದರ ಅರ್ಥ ಕಡಿಮೆ ಬೀಳುವುದು, ತಲುಪದಿರುವುದು. ಬಾವಿಗೆ ಬಿಟ್ಟ ಹಗ್ಗ ನೀರು ಮುಟ್ಟದೆ ಹೋದರೆ ಅದು ಹಗ್ಗದ ಕುಸೂರ್. ಹಗ್ಗ ಅಪರಾಧಿಯೆ? ಚಿಕ್ಕದಾಯಿತು ಅಷ್ಟೆ. ಇನ್ನೊಂದು ಮೊಳ ಗಂಟು ಹಾಕಬೇಕಿತ್ತು. ಭಾಷೆಯೊಳಗೆ ಈ ಪದ ಎಲ್ಲಿ ದಾರಿ ತಪ್ಪಿತೋ, ಕಡಿಮೆ ಬಿದ್ದವರೆಲ್ಲ ನಮಗೆ ಅಪರಾಧಿಗಳಾಗಿ ಕಂಡರು. ಕೆಲಸ ಹೊತ್ತವರಿಗಷ್ಟೇ ಕಡಿಮೆ ಬೀಳುವ ಭಾಗ್ಯ. ಹೊರದವರು ಯಾವತ್ತೂ ಕಡಿಮೆ ಬೀಳುವುದಿಲ್ಲ.

ಡಾಕ್ಟರರ ಪರವಾಗಿಯೂ ಮಾತಿದೆ, ಅದನ್ನು ನುಂಗಿಬಿಟ್ಟರೆ ಅನ್ಯಾಯವಾದೀತು. ಮಂಗಳವಾರದ ಆ ಸಾಲು ನೋಡಿದ್ದೇವೆ. ಮುರಿದ ಕೈ, ಸವೆದ ಮಂಡಿ, ಲಾರಿ ಗುದ್ದಿದ ಕಾಲುಗಳ ನಡುವೆ ಒಂದು ಕೂಸಿಗೆ ಸಿಗುವುದು ಮೂರು ನಿಮಿಷ. ಬೂಟು ಹಾಕದಿರುವುದೇ ಪಾದ ಮರಳಿ ತಿರುಗಲು ಮುಖ್ಯ ಕಾರಣವೆಂದು 2004ರಲ್ಲೇ ಅಮೆರಿಕದ ಅಧ್ಯಯನಗಳು ತೋರಿಸಿವೆ. ಹಾಗಿರುವಾಗ “ಏನೂ ಪರವಾಗಿಲ್ಲ, ನಿನ್ನ ತಪ್ಪೇನಿಲ್ಲ” ಎಂದು ಸಮಾಧಾನ ಹೇಳಿ ಕಳಿಸಿದರೆ ಬೂಟು ಅಟ್ಟ ಸೇರುವುದಿಲ್ಲವೆ? ಸಮಾಧಾನದಿಂದ ಮಗು ನಡೆಯುವುದಿಲ್ಲ, ಬೂಟಿನಿಂದ ನಡೆಯುತ್ತದೆ. ಹೊಣೆಯನ್ನು ತಾಯಿಯ ಮೇಲೆ ಇಡಲೇಬೇಕಾದ ಚಿಕಿತ್ಸೆ ಇದು. ಇಟ್ಟ ಮೇಲೆ ಅದು ಭಾರವಾಗಿ ಕೂರಲೇಬೇಕು. ಬೈಗುಳವಿಲ್ಲದೆ ಅಷ್ಟು ಭಾರ ಕೂರಿಸುವುದು ಹೇಗೆ? ಆ ಡಾಕ್ಟರು ಕೆಟ್ಟವರಲ್ಲ. ಎಷ್ಟೋ ತಾಯಂದಿರು ಬೈಸಿಕೊಂಡ ಮೇಲೆ ಬೂಟು ಕಟ್ಟಿದ್ದನ್ನು ಅವರು ನೋಡಿರಬಹುದು.

ಈ ಮಾತಿಗೆ ಬಹಳ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಆಮೇಲೆ ಗೊತ್ತಾದ ಒಂದು ಸಂಗತಿ ಯೋಚನೆಗೆ ಹಚ್ಚಿತು. ಬೂಟಿನಲ್ಲಿ ಪುಟ್ಟ ಉಪಕರಣ ಇಟ್ಟು, ನಿಜವಾಗಿ ಎಷ್ಟು ಗಂಟೆ ಹಾಕಿದರು, ಹಾಕಿದೆವೆಂದು ಎಷ್ಟು ಗಂಟೆ ಹೇಳಿದರು ಎಂದು ಅಮೆರಿಕದಲ್ಲಿ ಲೆಕ್ಕ ನೋಡಿದ್ದಾರೆ. ಹೇಳಿದ್ದು ಹೆಚ್ಚು, ಹಾಕಿದ್ದು ಕಡಿಮೆ. ಸುಳ್ಳು ನಮ್ಮ ಓಣಿಯದು ಮಾತ್ರವಲ್ಲ ಎಂದಾಯಿತು. ತನ್ನ ಸ್ವಂತ ಮಗುವಿನ ಕಾಲಿನ ವಿಷಯದಲ್ಲಿ ತಾಯಿ ಯಾಕೆ ಸುಳ್ಳು ಹೇಳುತ್ತಾಳೆ? “ಹಾಕ್ತಿದ್ದೀಯಾ?” ಎಂಬುದು ಪ್ರಶ್ನೆಯ ವೇಷದಲ್ಲಿರುವ ಆರೋಪ. ಆರೋಪಕ್ಕೆ ಜನ ಕೊಡುವುದು ಸಮಜಾಯಿಷಿ, ಮಾಹಿತಿಯನ್ನಲ್ಲ. ಬೈಗುಳ ಕೆಲವೊಮ್ಮೆ ಬೂಟು ಕಟ್ಟಿಸುತ್ತದೆ, ಒಪ್ಪೋಣ. ಆದರೆ ಬೂಟು ಯಾಕೆ ಕಟ್ಟಲಾಗಲಿಲ್ಲವೆಂಬ ಸುದ್ದಿ ಡಾಕ್ಟರರಿಗೆ ತಲುಪುವ ದಾರಿಯನ್ನು ಅದು ಮುಚ್ಚಿಬಿಡುತ್ತದೆ.

ನಮ್ಮ ಮಗುವಿನ ವಿಷಯದಲ್ಲಿ ಆ ಸುದ್ದಿ ಹೊರಬಂದದ್ದು ಮುಂದಿನ ಮಂಗಳವಾರ, ಪ್ಲಾಸ್ಟರು ಕೋಣೆಯಲ್ಲಿ. ಪಾದವನ್ನು ಮತ್ತೆ ಪ್ಲಾಸ್ಟರಿಗೆ ಹಾಕಲು ತೀರ್ಮಾನವಾಗಿತ್ತು. ತಂದೆತಾಯಿಗಳ ಜೊತೆ ಮಾತಾಡಲೆಂದೇ ಒಬ್ಬ ಹೆಣ್ಣುಮಗಳು ಅಲ್ಲಿ ಕೂತಿರುತ್ತಿದ್ದರು. ಆಕೆ ಬೂಟು ಹಾಕ್ತೀಯಾ ಎಂದು ಕೇಳಲೇ ಇಲ್ಲ. ಪ್ಲಾಸ್ಟರಿನ ಬಟ್ಟೆಯನ್ನು ನೀರಿನಲ್ಲಿ ಅದ್ದುತ್ತ, “ರಾತ್ರಿ ಎಷ್ಟು ಹೊತ್ತಿಗೆ ಅಳೋಕೆ ಶುರು ಮಾಡ್ತಾನೆ ಇವನು?” ಎಂದರು. ಅಷ್ಟು ಸಾಕಾಯಿತು. ನಮ್ಮ ಹುಡುಗಿ ಮೊದಲು ಅತ್ತಳು, ಆಮೇಲೆ ಹೇಳಿದಳು.

ಏಪ್ರಿಲ್‌ನಲ್ಲಿಯೇ ಬೂಟು ಚಿಕ್ಕದಾ‌ಗಿತ್ತು. ಹಿಮ್ಮಡಿ ಒಳಗೆ ಕೂರದೆ ಉಜ್ಜಿ ಉಜ್ಜಿ ಗಾಯವಾಯಿತು. ಮಂಗಳವಾರ ಬಂದು ದೊಡ್ಡ ಅಳತೆಯದು ಕೇಳಿದಳು. “ಸ್ಟಾಕ್ ಇಲ್ಲ, ಮುಂದಿನ ವಾರ ಬಾ” ಎಂದರು. ಮುಂದಿನ ವಾರ ಬಂದಳು, ಅದೇ ಮಾತು. ಜೂನ್ 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿದ್ದು ನಿಜ, ಆದರೆ ಒಂದು ಮಂಗಳವಾರ ಹೋದರೆ ಆ ದಿನದ ಬೀಡಿ ಹೋಯಿತು. ಮೂರನೆಯ ಸಲ ಬರಲಿಲ್ಲ. ಗಾಯಕ್ಕೆ ಅರಿಶಿನ ಹಚ್ಚಿ, ಮಾಯಲೆಂದು ಕಾದು, ಮಾದ ಮೇಲೆ ಅದೇ ಚಿಕ್ಕ ಬೂಟಿಗೆ ತುರುಕಲು ಹೋದರೆ ಮಗು ಮನೆಯನ್ನೇ ಎತ್ತಿ ಹಾಕುವಂತೆ ಚೀರಿತು. ಅಂದಿನಿಂದ ಬೂಟು ಅಟ್ಟದ ಮೇಲೆ. ಇದನ್ನು ಡಾಕ್ಟರರಿಗೆ ಯಾಕೆ ಹೇಳಲಿಲ್ಲವೆಂದು ಆಕೆ ಕೇಳಿದರು. “ಅವರು ಹಾಕ್ತೀಯಾ ಇಲ್ವಾ ಅಂತ ಕೇಳಿದ್ರು ಅಕ್ಕಾ, ಇಷ್ಟೆಲ್ಲ ಹೇಳೋಕೆ ಆ ಪ್ರಶ್ನೇಲಿ ಜಾಗಾನೇ ಇರಲಿಲ್ಲ.”

ನಾವು ಬಾಗಿಲ ಬಳಿ ನಿಂತು ಕೇಳಿಸಿಕೊಂಡೆವು. ನಾವೂ ಒಂದೂರಿನವರು, ಎರಡು ಬೀದಿಯ ದೂರ. ನಮಗೂ ಅವಳು ಹೇಳಿರಲಿಲ್ಲ.

ಕೇಸ್ ಪೇಪರಿನಲ್ಲಿ ತಾಯಿ ಹೇಳಿದಂತೆ ಕೇಳಲಿಲ್ಲ ಎಂದು ಬರೆಯಲು ಜಾಗವಿದೆ. ಎರಡು ಮಂಗಳವಾರ ಬೂಟಿನ ಸ್ಟಾಕ್ ಇರಲಿಲ್ಲ ಎಂದು ಬರೆಯಲು ಜಾಗವಿಲ್ಲ. ಸೋದರಮಾವ ಸಹಿ ಹಾಕಿ ಮರೆತ ಎಂದು ಬರೆಯಲೂ ಇಲ್ಲ. ಆಸ್ಪತ್ರೆ ತನ್ನ ಅರ್ಧ ಕೆಲಸವನ್ನು ಮನೆಗೆ ಕಳಿಸುವುದಾದರೆ, ಕಳಿಸಲಿ, ಲೆಕ್ಕದ ಪುಸ್ತಕದ ಅರ್ಧವನ್ನೂ ಕಳಿಸಬೇಕಲ್ಲವೆ? ಮನೆಯವರು ಆಸ್ಪತ್ರೆಗೆ ಹೇಳುವುದು ಅದರಲ್ಲಿ ದಾಖಲಾಗಬೇಕು. ಇಲ್ಲದಿದ್ದರೆ ಕೆಲಸ ಮಾತ್ರ ಮನೆಗೆ ಹೋಗುತ್ತದೆ, ತೀರ್ಪು ಹೇಳುವ ಅಧಿಕಾರ ಆಸ್ಪತ್ರೆಯಲ್ಲೇ ಉಳಿಯುತ್ತದೆ. ಇದು ಆಸ್ಪತ್ರೆಗೆ ಮಾತ್ರ ಹೇಳುವ ಮಾತೇನಲ್ಲ. ಮನೆಯೊಳಗೆ ಗಂಡಸರಾದ ನಾವು ನಡೆಸಿಕೊಂಡು ಬಂದಿರುವುದೂ ಇದೇ ವ್ಯವಸ್ಥೆಯನ್ನು.

ಆ ಹೆಣ್ಣುಮಗಳು ಡಾಕ್ಟರರಿಗೆ ಏನು ಹೇಳಿದರೋ ತಿಳಿಯದು. ಮೂರು ಪ್ಲಾಸ್ಟರಿನ ನಂತರ ಪಾದ ಮತ್ತೆ ನೆಟ್ಟಗಾಯಿತು, ಎರಡನೆಯ ಸಲ ನರ ಕತ್ತರಿಸುವ ಅಗತ್ಯ ಬೀಳಲಿಲ್ಲ. ಹೊಸ ಬೂಟು ಕೊಡುವ ದಿನ ಡಾಕ್ಟರು ತಾವೇ ಹಿಮ್ಮಡಿ ಒತ್ತಿ ನೋಡಿ, “ಚಿಕ್ಕದಾದ ತಕ್ಷಣ ಬಾಮ್ಮ, ಮಂಗಳವಾರವೇ ಆಗಬೇಕೂಂತಿಲ್ಲ” ಎಂದರು. ಬೈದದ್ದಕ್ಕೆ ಕ್ಷಮೆ ಕೇಳಲಿಲ್ಲ. ನಾವೂ ಆ ಹೊತ್ತಿಗೆ ಕೇಳಿರಲಿಲ್ಲ. ಮತ್ತೆ ತಿರುಗಿದರೆ ಮುಂದೆ ಸ್ನಾಯುರಜ್ಜನ್ನೇ ಜಾಗ ಬದಲಿಸುವ ಆಪರೇಷನ್ ಮಾಡಬೇಕಾದೀತು, ಅದಕ್ಕೆ ವಾರ್ಡಿನಲ್ಲಿ ಮಲಗಿಸಬೇಕು ಎಂದೂ ಹೇಳಿದರು. ಆ ಭಯ ಇನ್ನೂ ಮನೆಯಲ್ಲಿದೆ, ಮಗುವಿಗೆ ನಾಲ್ಕು ತುಂಬಿಲ್ಲ. ಬೂಟು ಕಟ್ಟುತ್ತ ಹೋದರೂ ಕೆಲವು ಪಾದಗಳು ಮರಳಿ ತಿರುಗುವುದುಂಟಂತೆ.

ಈಗ ರಾತ್ರಿ ಬೂಟು ಕಟ್ಟುವುದು ಹೆಚ್ಚಾಗಿ ಮಗುವಿನ ತಂದೆ. ಭಟ್ಟಿಯಲ್ಲಿ ಸುಟ್ಟು ಗಡಸಾದ ಬೆರಳುಗಳಿಗೆ ಲೇಸು ಬಿಗಿಯುವುದು ಹೆಂಗಸರಿಗಿಂತ ಚೆನ್ನಾಗಿ ಬರುತ್ತದೆಂದು ಅವನ ಹೆಮ್ಮೆ. ಆಸ್ಪತ್ರೆಯ ಮಂಗಳವಾರಗಳು ನಮ್ಮವು, ಬೀಡಿ ಅವಳದು. ಬೀಗಿತ್ತಿ ಕತ್ತರಿಯ ಮಾತು ಪೂರ್ತಿ ಬಿಟ್ಟಿಲ್ಲ.

ಕಳೆದ ಬಕ್ರೀದಿಗೆ ಎಲ್ಲರೂ ನಮ್ಮ ಮನೆಯಲ್ಲಿ ಉಳಿದಿದ್ದರು. ರಾತ್ರಿ ಹೆಂಗಸರು ಅಡುಗೆಮನೆಯಲ್ಲಿ ಮಾಂಸ ಹಂಚಿ ಕಟ್ಟುವುದರಲ್ಲಿದ್ದರು, ಹುಡುಗನಿಗೆ ನಿದ್ದೆ. ಬೂಟು ನಾವು ಎತ್ತಿಕೊಂಡೆವು. ಮೊದಲು ಸೊಟ್ಟಗಾಲಿನದು, ಹಿಮ್ಮಡಿ ಹಿಂದಕ್ಕೆ ಒತ್ತಿ ಹಿಡಿದು, ನಡುವಿನ ಪಟ್ಟಿ ಬಿಗಿದು, ಆಮೇಲೆ ಲೇಸು. ಬೂಟಿನ ಹಿಂಬದಿಯಲ್ಲಿ ಒಂದು ಸಣ್ಣ ತೂತಿರುತ್ತದೆ, ಹಿಮ್ಮಡಿ ಕೆಳಕ್ಕಿಳಿದು ಕೂತಿದೆಯೇ ಎಂದು ಅದರಲ್ಲಿ ನೋಡಬೇಕು. ಕನ್ನಡಕ ಮೇಲೆತ್ತಿ ನೋಡುತ್ತಿದ್ದೆವು. ಒಳಗಿನಿಂದ ಅವಳ ದನಿ ಬಂತು:

“ಮಾಮು, ಹಿಮ್ಮಡಿ ಕಾಣ್ತಾ?”

ಕಾಣಲಿಲ್ಲ. ಬಿಚ್ಚಿ, ಮತ್ತೆ ಮೊದಲಿನಿಂದ ಕಟ್ಟಿದೆವು.